ಇಲ್ಲದ ಪ್ರಿಂಟರು ಕಾಗದ ಕೇಳಿತು

ನಂಬದವರು ನಂಬಬೇಡಿ. ದೆವ್ವ ಎಂದ ಕೂಡಲೇ ಬಾಯಿ ಬಿಟ್ಟುಕೊಂಡು ಕೂರುವವರನ್ನು ಕಂಡರೂ ನನಗೆ ಅಷ್ಟಕ್ಕಷ್ಟೇ. ಆದರೆ ಇದು ನನ್ನ ಕಣ್ಣೆದುರೇ ನಡೆದದ್ದು... ಎಪ್ಪತ್ತರ ದಶಕದ ಕೊನೆಯಲ್ಲಿ, ತಮಿಳುನಾಡಿನ ಮೆಟ್ಟೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ.

ಇದ್ದ ಎರಡು ಪ್ರಿಂಟರುಗಳಲ್ಲಿ ಎರಡನೆಯದು ಕೆಟ್ಟು ಗುಜರಿಗೆ ಹೋಗಿತ್ತು. ಅದರ ಜೊತೆ ಅದನ್ನು ನಡೆಸುವ ನಿಯಂತ್ರಕ ಪೆಟ್ಟಿಗೆಯೂ ಹೋಗಿತ್ತು. ಕಂಪ್ಯೂಟರಿನ ಮೂಲ ಪ್ರೋಗ್ರಾಮಾದ ಕರ್ನೆಲ್‌ನೊಳಗೆ ಒಂದೊಂದು ಯಂತ್ರವನ್ನು ನಡೆಸಲೂ ಡ್ರೈವರ್ ಎಂಬ ಒಂದೊಂದು ಚಿಕ್ಕ ಪ್ರೋಗ್ರಾಮು ಇರುತ್ತದೆ. ಪೆಟ್ಟಿಗೆ ಎದ್ದ ಮೇಲೆ ಪ್ರಿಂಟರಿನ ಡ್ರೈವರ್ ಏಳಬೇಕು. ಪೆಟ್ಟಿಗೆಯೇ ಇಲ್ಲದಿದ್ದರೆ ಏಳಲೇಬಾರದು. ಯಾವುದು ಯಾವುದನ್ನು ನಂಬಿಕೊಂಡಿದೆ ಎಂಬ ಆ ಪಟ್ಟಿ ಬರೆದವನು ನಾನು. ಮದರಾಸಿನಿಂದ ಬಂದ ಟೈ ಕಟ್ಟಿದ ತಜ್ಞನಿಗೆ ಅದನ್ನು ಓದಲೂ ಬರಲಿಲ್ಲ, ಕಾಫಿ ಕುಡಿದು ಹೋದ.

ರಾತ್ರಿ ಪಾಳಿಯ ಆಪರೇಟರ್ ಮಾದಪ್ಪ, ಮಾರಂಡಹಳ್ಳಿ ಕಡೆಯ ಕುರಿ ಸಾಕುವವರ ಮಗ. ಆ ತಿಂಗಳು ಕಳೆದರೆ ಅವನ ಕೆಲಸ ಖಾಯಂ. ಸೇಲಂನ ನೇಕಾರರ ಮನೆಯ ನನಗೂ ಅವನಿಗೂ ಮನೆಮಾತು ಕನ್ನಡ. ಅಷ್ಟಕ್ಕೇ ಅವನು ನನ್ನನ್ನು ತನ್ನವನೆಂದು ನಂಬಿದ್ದ. ಒಂದು ರಾತ್ರಿ ನನ್ನನ್ನು ಕ್ವಾರ್ಟರ್ಸಿನಿಂದ ಎಬ್ಬಿಸಿ ಕರೆತಂದ.

“ಸಾರ್, ಎರಡ್ನೇ ಪ್ರಿಂಟರು ಪೇಪರ್ ಕೇಳ್ತಾ ಐತೆ.”

“ತಲೆ ಕೆಟ್ಟೈತೇನ್ಲಾ? ಅದು ಗುಜರಿಗೆ ಓಗಿ ವಾರ ಆಯ್ತು.”

ಕಂಪ್ಯೂಟರ್ ತನ್ನ ಸಂದೇಶಗಳನ್ನು ಅಚ್ಚುಮಾಡುವ ಕನ್ಸೋಲಿನ ಟೈಪ್‌ರೈಟರ್ ತಾನಾಗಿ ಟಕಟಕ ಬಡಿಯಿತು: ಎರಡನೇ ಪ್ರಿಂಟರ್, ಕಾಗದ ಮುಗಿದಿದೆ. ಉಳಿದ ಕೆಲಸವೆಲ್ಲ ನಿಂತುಹೋಗಿತ್ತು. ನಾನು ಆ ಡ್ರೈವರನ್ನೇ ಕಿತ್ತುಹಾಕಿ ಕಂಪ್ಯೂಟರನ್ನು ಮತ್ತೆ ಶುರುಮಾಡಿದೆ. ಇನ್ನು ಕೇಳುವವರು ಯಾರು?

ಟಕಟಕ... ಕಾಗದ ಮುಗಿದಿದೆ.

ಪ್ರಿಂಟರು ನಿಂತಿದ್ದ ಖಾಲಿ ಮೂಲೆಯಿಂದ ಬಿಸಿ ರಿಬ್ಬನ್ನಿನ ಶಾಯಿ ವಾಸನೆ ಬಂತು.

“ಪಾವಂ ಸಾರ್, ಪಾಪ,” ಎಂದ ಮಾದಪ್ಪ, ಪಿಸುಮಾತಿನಲ್ಲಿ. “ನಮ್ಮನೇಲಿ ಸತ್ತೋರ್ಗೆ ಎಡೆ ಇಕ್ತೀವಿ. ಕೇಳಿದ್ದು ಇಕ್ಕುದ್ರೆ ಸುಮ್ನಾಗ್ತಾರೆ.”

ಕಾಗದದ ಪೆಟ್ಟಿಗೆಯೊಂದನ್ನು ಹೊತ್ತು ತಂದು ಆ ಖಾಲಿ ನೆಲದ ಮೇಲಿಟ್ಟ. ಚಪ್ಪಲಿ ಬಿಟ್ಟು ಕೈಮುಗಿದ. ನಾನು ನಕ್ಕೆ. ನಗು ಮುಗಿಯುವ ಮೊದಲೇ ಟೈಪ್‌ರೈಟರ್ ಬಡಿಯಿತು: ಎರಡನೇ ಪ್ರಿಂಟರ್, ಸಿದ್ಧ. ನಿಂತಿದ್ದ ಕೆಲಸ ಮತ್ತೆ ನಡೆಯತೊಡಗಿತು.

ಬೆಳಿಗ್ಗೆ ಮ್ಯಾನೇಜರ್, ರಾತ್ರಿ ಕೆಲಸ ನಿಂತದ್ದಕ್ಕೆ ಕಾರಣ ಬರೆದುಕೊಡಿ ಎಂದ. ಆ ಮಹಾಶಯನಿಗೆ ಬೇಕಿದ್ದದ್ದು ಕಾರಣವಲ್ಲ, ಒಂದು ಹೆಸರು. ನನ್ನ ಪಟ್ಟಿಯಲ್ಲಿ ತಪ್ಪಿದೆ ಎನ್ನಬೇಕು, ಇಲ್ಲವೇ ಮಾದಪ್ಪ ಕನ್ಸೋಲಿನಲ್ಲಿ ಏನೋ ಒತ್ತಿದ ಎನ್ನಬೇಕು. ಎರಡನೆಯದನ್ನೇ ಬರೆದೆ. ನನ್ನಂಥ ಹೇಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ...

ಮಧ್ಯಾಹ್ನವೇ ಅವನ ಕೆಲಸ ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಟ್ರಂಕು ಹಿಡಿದು ನಿಂತಿದ್ದವನು ನನ್ನನ್ನು ಬಯ್ಯಲಿಲ್ಲ.

“ಇವತ್ ರಾತ್ರಿ ಅಲ್ಲಿ ಯಾರಿರ್ತಾರೆ ಸಾರ್?”

“ನಾನೇ.”

“ಒಬ್ರೇನಾ?” ಎಂದಷ್ಟೇ ಕೇಳಿ ಬಸ್ ಹತ್ತಿದ.

ಆ ರಾತ್ರಿ ಹನ್ನೊಂದು ದಾಟಿತ್ತು. ಟೈಪ್‌ರೈಟರ್ ಬಡಿಯಿತು. ಈ ಸಲ ಅದು ಕಾಗದ ಕೇಳಲಿಲ್ಲ. ಎರಡನೇ ಪ್ರಿಂಟರ್, ಆಪರೇಟರ್ ಇಲ್ಲ.

ಅಂಥ ಸಂದೇಶವನ್ನು ನಾನು ಯಾವ ಡ್ರೈವರಿನಲ್ಲೂ ಬರೆದಿರಲಿಲ್ಲ. ಕನ್ಸೋಲಿನ ಎದುರಿಗೇ ಕೂತಿದ್ದೆ. ಎದ್ದು ಹೋಗಿ ಕಾಗದದ ಪೆಟ್ಟಿಗೆ ಹೊತ್ತು ತಂದಿಟ್ಟೆ, ಚಪ್ಪಲಿ ಬಿಟ್ಟೆ, ಕೈಮುಗಿದೆ.

ಬೆಳಗಾಗುವವರೆಗೂ ಅದು ಮಾದಪ್ಪನನ್ನೇ ಕೇಳಿತು.