ಭಾವ ಕಟ್ಟಿದ ತೊಗಟೆ ದೋಣಿ

ಆ ಚಳಿಗಾಲ ಪೂರ್ತಿ ಭಾವ ಅನ್ನವನ್ನು ಚಮಚದಲ್ಲಿ ಉಂಡರು. ಅವರ ಬಲಗೈ ಬೆರಳುಗಳ ತುದಿ ಕಪ್ಪಾಗಿತ್ತು. ಉಗುರಿನ ಸಂದಿಯಲ್ಲಿ ಮರದ ಅಂಟು ಕಟ್ಟಿಕೊಂಡು, ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಹತ್ತಿರ ಕೂತರೆ ರಾಳದ ಘಾಟು, ಇದ್ದಿಲಿನ ವಾಸನೆ, ಅವೆರಡರ ಅಡಿಯಲ್ಲಿ ತೆಳ್ಳಗೆ ತೆಂಗಿನೆಣ್ಣೆಯ ವಾಸನೆ. "ಹುಡುಗ ಸಾಫ್ಟ್‌ವೇರ್ ಅಂದಿದ್ರು ನಮ್ಮಪ್ಪ. ಈಗ ನೋಡಿದ್ರೆ ರಸ್ತೆಗೆ ಟಾರು ಹಾಕೋರ ಥರ ಇದಾರೆ" ಎಂದು ಅಕ್ಕ ಸಾರು ಬಡಿಸುತ್ತಾ ಹೇಳುವಳು. ಭಾವ ಆ ಕೈಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಸುಮ್ಮನೆ ನಗುವರು.

ಆ ದೋಣಿಯೇ ಅವರನ್ನು ಒಯ್ದಿತು ಎಂದು ನಮ್ಮ ಬಳಗದವರು ಈಗಲೂ ಹೇಳುತ್ತಾರೆ. ಹಾಗೆ ಹೇಳುವ ಹೆಚ್ಚಿನವರು ಅಲ್ಲಿರಲಿಲ್ಲ. ನಾನಿದ್ದೆ. ಕಂಡಷ್ಟನ್ನು, ಕಂಡ ಕ್ರಮದಲ್ಲಿ ಬರೆಯಲು ನೋಡುತ್ತೇನೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಸಿಯಾಟಲ್ ನಗರದೊಳಗಿನ ಫ್ರೀಮಾಂಟಿನ ಒಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ದೂರವಾದರೂ ಸ್ನೊಕ್ವಾಲ್ಮಿಯ ಗುಡ್ಡದ ಮೇಲಿನ ಹೊಸ ಬಡಾವಣೆಯಲ್ಲಿ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಭಾವನ ಕೆಲಸ ಸಾಫ್ಟ್‌ವೇರನ್ನು ಪರೀಕ್ಷಿಸುವುದು. ಬೇರೆಯವರು ಕಟ್ಟಿದ್ದು ಎಲ್ಲಿ ಮುರಿಯುತ್ತದೆಂದು ಹುಡುಕುವ ಆ ಅಭ್ಯಾಸ ಮನೆಗೂ ಬಂದಿತ್ತು. ಹೊಸ ಕುರ್ಚಿ ಬಂದರೆ ಮೊದಲು ಅದರ ಬೆನ್ನಿಗೆ ಜೋತುಬೀಳುವರು. ಹೋಟೆಲ್ ರೂಮಿಗೆ ಹೋದರೆ ಕಿಟಕಿಯ ಚಿಲಕಗಳನ್ನೆಲ್ಲ ಎಳೆದು ನೋಡುವರು. ನಾನೊಂದು ಹಳೆಯ ಕಾರು ಕೊಂಡಾಗ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದೊಯ್ದು ನನಗೆ ತಲೆನೋವು ಬರುವ ತನಕ ಬ್ರೇಕ್ ಹಾಕಿಸಿದರು. "ಒಡೆಯೋದಿದ್ರೆ ಇಲ್ಲೇ ಒಡೀಲಿ ಕಣೇ, ದಾರೀಲಿ ಬೇಡ" ಎನ್ನುವುದು ಅವರ ಮಾತು. ನಾನು ಅಲ್ಲಿ ನೆಲೆ ನಿಂತದ್ದು ಆ ಮಾತಿನ ಬಲದಿಂದ. ಅವರು ನೋಡಿ ಸರಿ ಎಂದದ್ದನ್ನು ನಾನು ಇನ್ನೊಮ್ಮೆ ನೋಡುತ್ತಿರಲಿಲ್ಲ.

ಅವರ ಊರು ತಿರುಮಕೂಡಲು. ಹೊಳೆಯಲ್ಲಿ ಈಜಿ, ಹರಿಗೋಲಿನಲ್ಲಿ ದಾಟಿ ಬೆಳೆದವರು. ಸಿಯಾಟಲ್‌ನ ಸರೋವರದ ದಂಡೆಯಲ್ಲಿ ಮರದ ದೋಣಿ ಕಟ್ಟುವ ಒಂದು ಕಾರ್ಯಾಗಾರವಿತ್ತು. ಒಂದು ಭಾನುವಾರ ಅಲ್ಲಿ ವಯಸ್ಸಾದ ಬಡಗಿಯೊಬ್ಬರು ಬರ್ಚ್ ಮರದ ತೊಗಟೆಯಿಂದ ದೋಣಿ ಹೊಲಿಯುತ್ತಿದ್ದುದನ್ನು ಭಾವ ಕಂಡರು. ಮೊಳೆಯಿಲ್ಲ, ಕಬ್ಬಿಣವಿಲ್ಲ. ಉತ್ತರದ ಕಾಡಿನ ಜನ ಸಾವಿರಾರು ವರ್ಷ ಕಟ್ಟುತ್ತಿದ್ದ ದೋಣಿ ಅದು. ಮನೆಗೆ ಬಂದವರೇ, "ಭೂರ್ಜಪತ್ರ ಅಂತೀವಲ್ಲ, ಅದೇ ಜಾತಿ ಮರದ ತೊಗಟೆ. ನಮ್ಮ ಹರಿಗೋಲಿಗೆ ದೊಡ್ಡಣ್ಣ ಇದ್ದಂಗಿದೆ" ಎಂದರು. ಮುಂದಿನ ವಾರದಿಂದ ಆ ಬಡಗಿಯ ಬಳಿ ಕಲಿಯಲು ಹೋದರು.

ಬೇಸಿಗೆಯಲ್ಲಿ ಇಬ್ಬರೂ ಬೆಟ್ಟಸಾಲು ದಾಟಿ ಹೋಗಿ, ಅನುಮತಿ ಪಡೆದು, ಒಂದೇ ಮರದ ತೊಗಟೆಯನ್ನು ಇಡಿಯಾಗಿ ಬಿಡಿಸಿ, ಚಾಪೆಯಂತೆ ಸುರುಳಿ ಸುತ್ತಿ ಕಾರಿನ ನೆತ್ತಿಯ ಮೇಲೆ ತಂದರು. ಅಂದಿನಿಂದ ನಮ್ಮ ಗ್ಯಾರೇಜಿಗೆ ಕಾರು ಹೋಗಲಿಲ್ಲ. ತೊಗಟೆಯನ್ನು ನೆಲಕ್ಕೆ ಹಾಸಿ, ಮೇಲೆ ಕಲ್ಲು ಹೇರಿ, ಅಂಚನ್ನು ಮೇಲಕ್ಕೆ ಮಡಿಸಿ ಗೂಟಗಳಿಗೆ ಕಟ್ಟಿದರು. ಬಿಸಿನೀರಿನಲ್ಲಿ ನೆನೆಸಿದ ಸ್ಪ್ರೂಸ್ ಮರದ ಬೇರುಗಳನ್ನು ಸೀಳಿ, ದಬ್ಬಳದಿಂದ ತೂತು ಮಾಡಿ ಹೊಲಿದರು. ಆ ದೋಣಿಯಲ್ಲಿ ಮರದ ಬಿಳಿ ಮೈ ಒಳಗೆ ಬರುತ್ತದೆ, ಕಂದು ಮೈ ನೀರಿಗೆ. ಬಿಳಿಯ ಮೇಲೆ ಉದ್ದುದ್ದ ಕಪ್ಪು ಗೆರೆಗಳು. ಅಕ್ಕ ಬಟ್ಟೆ ಒಗೆಯುವ ಮೆಷಿನ್ನಿಗೆ ಆ ದಾರಿಯಲ್ಲೇ ಹೋಗಬೇಕಿತ್ತು. "ಅರೆಗಣ್ಣು ಬಿಟ್ಕೊಂಡು ನೋಡ್ತಿರೋ ಹಾಗಿದೆ" ಎಂದು ಅದರತ್ತ ಬೆನ್ನು ಮಾಡಿಯೇ ದಾಟುವಳು.

ಸೀಡರ್ ಮರದ ಪಟ್ಟಿಗಳನ್ನು ಕುದಿನೀರಿನಲ್ಲಿ ಬಾಗಿಸಿ, ದೋಣಿಯ ಹೊಟ್ಟೆಯೊಳಗೆ ಪಕ್ಕೆಗಳಂತೆ ಕೂರಿಸಿ, ಕೊಡತಿಯಿಂದ ಬಡಿದು ಬಿಗಿ ಮಾಡಬೇಕು. ಆ ಕೆಲಸದ ದಿನ ನಾನು ದೋಣಿಯ ಮೂತಿ ಹಿಡಿದು ನಿಂತಿದ್ದೆ. ಪ್ರತಿ ಏಟಿಗೂ ತೊಗಟೆ ಹಿಗ್ಗಿ ನರಳುತ್ತಿತ್ತು. ಒಂದು ಸಲ ಎಲ್ಲೋ ಒಳಗೆ ಚಟ್ ಎಂದಿತು. ಭಾವ ಕೊಡತಿಯನ್ನು ಕೆಳಗಿಟ್ಟು, ಕಿವಿಯನ್ನು ತೊಗಟೆಗೆ ಒತ್ತಿ, ಬಹಳ ಹೊತ್ತು ಹಾಗೆಯೇ ಇದ್ದರು. ಕೊನೆಗೆ ತಲೆಯೆತ್ತಿ, ಏನೂ ಇಲ್ಲವೆಂದು ಕೈಯಾಡಿಸಿದರು.

ಉಳಿದದ್ದು ಅಂಟು. ಹೊಲಿಗೆಯ ತೂತುಗಳನ್ನೆಲ್ಲ ಮುಚ್ಚಲು ಮರದ ರಾಳವನ್ನು ಕರಗಿಸಿ, ಇದ್ದಿಲ ಪುಡಿ ಮತ್ತು ಕೊಬ್ಬು ಬೆರೆಸಿ ಹಚ್ಚುತ್ತಾರೆ. ಕೊಬ್ಬಿಲ್ಲದಿದ್ದರೆ ರಾಳ ಗಾಜಿನಂತೆ ಸೀಳುತ್ತದೆ. ಕೊಬ್ಬು ಅದಕ್ಕೆ ಬಾಗುವ ಗುಣ ಕೊಡುತ್ತದೆ. ಹಿಂದೆ ಕರಡಿಯ ಕೊಬ್ಬು, ಈಗ ಅಂಗಡಿಯ ಹಂದಿ ಕೊಬ್ಬು. ಬಡಗಿ ಅದರದೇ ಒಂದು ಡಬ್ಬಿಯನ್ನು ಭಾವನ ಕೈಗೆ ಕೊಟ್ಟಿದ್ದರಂತೆ. ಭಾವ ಅದನ್ನು ಮನೆಯೊಳಗೆ ತರಲಿಲ್ಲ. ದೇವರ ಮನೆಯ ಗೋಡೆಯ ಆಚೆಯೇ ಗ್ಯಾರೇಜು. ತಮ್ಮ ಅಮ್ಮ ಊರಿನಿಂದ ಫೋನಿನಲ್ಲಿ ಕೇಳಿದರೆ ಸುಳ್ಳು ಹೇಳಬೇಕಾಗುತ್ತದೆ ಎಂದರು. "ಜಿಡ್ಡು ತಾನೆ ಬೇಕಾಗಿರೋದು? ನಮ್ಮನೇಲಿ ಕಮ್ಮಿ ಇದ್ಯಾ?" ಎಂದು ಅಡುಗೆಮನೆಯಿಂದ ತೆಂಗಿನೆಣ್ಣೆ ತಗೊಂಡರು. ಬಡಗಿಗೆ ಹೇಳಿದಾಗ ಅವರು, ಆ ಎಣ್ಣೆಯ ಗುಣ ತನಗೆ ಗೊತ್ತಿಲ್ಲ, ಮೊದಲು ತುಂಡು ತೊಗಟೆಯ ಮೇಲೆ ಹಚ್ಚಿ ನೋಡು ಎಂದರಂತೆ.

ಭಾವ ಹಚ್ಚಿ ನೋಡಿದರು. ಬಾಗಿಸಿದರು, ತಿರುಚಿದರು, ಸುತ್ತಿಗೆಯಿಂದ ಬಡಿದರು. ಅಂಟು ರಬ್ಬರಿನಂತೆ ಬಾಗಿತು. ದೋಣಿ ಮುಗಿದ ಮೇಲೆ ಗ್ಯಾರೇಜಿನಲ್ಲೇ ಎರಡು ಬೆಂಚುಗಳ ಮೇಲಿಟ್ಟು, ಅದರ ತುಂಬ ನೀರು ತುಂಬಿಸಿ, ಎರಡು ದಿನ ಬಿಟ್ಟು, ಟಾರ್ಚ್ ಹಿಡಿದು ಅಡಿಯನ್ನೆಲ್ಲ ನೋಡಿದರು. ಒಂದು ಹನಿಯೂ ಇಳಿದಿರಲಿಲ್ಲ. ಆದರೆ ತೊಗಟೆ ಚಳಿಗೆ ಸೆಟೆದು ಸೀಳದಿರಲಿ, ಬೇರು ಮೆತ್ತಗಿರಲಿ ಎಂದು ಗ್ಯಾರೇಜಿನಲ್ಲಿ ಆ ಚಳಿಗಾಲವೆಲ್ಲ ಹೀಟರ್ ಉರಿಯುತ್ತಿತ್ತು. ತುಂಬಿಸಿದ್ದು ಬಚ್ಚಲಿನಿಂದ ಪೈಪು ಎಳೆದು ತಂದ ಉಗುರುಬೆಚ್ಚಗಿನ ನೀರು. ಅದೇ ದಿನಗಳಲ್ಲಿ ಮೇಲಿನ ಬಚ್ಚಲುಮನೆಯ ಕಿಟಕಿಯಲ್ಲಿ ತೆಂಗಿನೆಣ್ಣೆಯ ಬಾಟ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂತಿರುತ್ತಿತ್ತು. ಅಕ್ಕ ತಲೆಗೆ ಹಚ್ಚುವ ಮೊದಲು ಅದನ್ನು ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸುವಳು. ಅಲ್ಲಿನ ಕನ್ನಡದವರ ಮನೆಗಳಲ್ಲೆಲ್ಲ ಹಾಗೆಯೇ. ಅದನ್ನೂ ಇದನ್ನೂ ಸೇರಿಸಿ ಯೋಚಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ದೋಣಿಯನ್ನು ಯುಗಾದಿಗೆ ನೀರಿಗಿಳಿಸುವುದೆಂದು ಭಾವ ನಿಶ್ಚಯಿಸಿದರು. ಬಡಗಿ ಒಪ್ಪಲಿಲ್ಲ. ಬೆಟ್ಟದ ಕೆರೆಗಳಲ್ಲಿ ಈಗ ಇರುವುದು ಕರಗಿದ ಹಿಮ, ಜುಲೈ ತನಕ ಕಾದರೆ ತಾನೂ ಜೊತೆಗೆ ಬರುತ್ತೇನೆ ಎಂದರು. ಅಕ್ಕನೂ ಕಾಯಿರಿ ಎಂದಳು. "ಹೊಸದಕ್ಕೆ ಉಗಾದಿಗಿಂತ ಒಳ್ಳೆ ದಿನ ಎಲ್ಲಿಂದ ತರ್ಲಿ? ಕಾವೇರೀಲಿ ಈಜಿದೋನು ಕಣೇ ನಾನು" ಎಂದರು ಭಾವ. "ಕಾವೇರಿ ಐಸ್ ಪೆಟ್ಟಿಗೆಯಿಂದ ಬರಲ್ಲ ರೀ" ಎಂದಳು ಅಕ್ಕ. ಲೈಫ್ ಜಾಕೆಟ್ ಹಾಕಿಕೊಂಡರೆ ಮಾತ್ರ ಎಂದು ಷರತ್ತು ಹಾಕಿದಳು. ಅವರು ಒಪ್ಪಿದರು.

ಯುಗಾದಿಯಂದು ಬಿಸಿಲಿತ್ತು, ಗಾಳಿಯಿರಲಿಲ್ಲ. ನಾವು ಮೂವರು, ಜೊತೆಗೆ ಪಕ್ಕದ ರಸ್ತೆಯ ಹಾಸನದ ದಂಪತಿ. ಕೆರೆಯ ಸುತ್ತ ಕಪ್ಪು ಮರಗಳು, ಆಚೆಗೆ ಹಿಮದ ಬೆಟ್ಟ. ದೋಣಿ ಬಾಡಿಗೆಗೆ ಕೊಡುವ ಗುಡಿಸಲಿಗೆ ಬೀಗ ಹಾಕಿತ್ತು. ಆಚೆ ತುದಿಯಲ್ಲಿ ಮೀನು ಹಿಡಿಯುವ ಒಂದೇ ದೋಣಿ, ಚುಕ್ಕೆಯಷ್ಟು. ಅಕ್ಕ ದೋಣಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿದಳು. ಭಾವ ಮಂಡಿಯೂರಿ ಕೂತು ಹುಟ್ಟು ಹಾಕಿದರು. ದೋಣಿ ಸದ್ದಿಲ್ಲದೆ ಹೋಯಿತು. ಅಷ್ಟು ಹಗುರವಾಗಿ ಹೋಗುವ ವಸ್ತುವನ್ನು ನಾನು ಕಂಡಿರಲಿಲ್ಲ.

ನಡುಕೆರೆಯಲ್ಲಿ ಅವರು ಹುಟ್ಟನ್ನು ಅಡ್ಡ ಇಟ್ಟರು. ಬಾಗಿದರು. ಎರಡೂ ಕೈಯಲ್ಲಿ ನೀರೆತ್ತಿ ಹೊರಗೆ ಬಿಟ್ಟರು, ಮತ್ತೆ ಬಾಗಿ ಎತ್ತಿ ಬಿಟ್ಟರು. "ಅರ್ಘ್ಯ ಕೊಡ್ತಿದಾರೆ ನೋಡಿ" ಎಂದು ಹಾಸನದವರ ಹೆಂಡತಿ ಕೈ ಮುಗಿದರು. ನಾನೂ ಮುಗಿದೆ. ಬೊಗಸೆಗಳು ಅವಸರವಾದಾಗ, ಅವರು ಎತ್ತುತ್ತಿರುವುದು ಕೆರೆಯ ನೀರನ್ನಲ್ಲ, ದೋಣಿಯೊಳಗಿನ ನೀರನ್ನು ಎಂದು ತಿಳಿಯಿತು.

ದೋಣಿ ಮುಳುಗಲಿಲ್ಲ. ತುಂಬಿಕೊಂಡು, ನಿಧಾನವಾಗಿ ಮಗ್ಗುಲಾಯಿತು. ಭಾವನ ಕೇಸರಿ ಜಾಕೆಟ್ ನೀರಿನ ಮೇಲೆ ಕಾಣುತ್ತಿತ್ತು. ಈಜಲು ಎರಡು ಮೂರು ಸಲ ಕೈ ಬೀಸಿದರು, ಆ ಹಿಮದ ನೀರಿನಲ್ಲಿ ಕೈ ಮತ್ತೆ ಏಳಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ; ಹಾಸನದವರು ಕಾರು ಹತ್ತಿ ಹೆದ್ದಾರಿಯತ್ತ ಹೋದರು. ಅವರ ಹೆಂಡತಿ ಸೆರಗು ಬೀಸುತ್ತಾ ಮೀನುಗಾರನ ಕಡೆ ದಂಡೆಯುದ್ದಕ್ಕೂ ಓಡಿದರು. ಅಕ್ಕ ಸೀರೆಯಲ್ಲೇ ನೀರಿಗಿಳಿದಳು. ಅವಳಿಗೆ ಈಜು ಬಾರದು, ನನಗೂ ಬಾರದು. ಆಗ ಭಾವನ ದನಿ ನೀರಿನ ಮೇಲೆ ಹಾದು ಬಂತು.

"ಅವಳನ್ನ ಹಿಡ್ಕೊ. ಬಿಡ್ಬೇಡ."

ಮೊಣಕಾಲುದ್ದದ ನೀರಿನಲ್ಲಿ ಅಕ್ಕನ ಸೊಂಟವನ್ನು ಎರಡೂ ಕೈಯಿಂದ ಹಿಡಿದೆ. ಕಾಲುಗಳಿಗೆ ಮೊದಲು ಉರಿ, ಆಮೇಲೆ ಏನೂ ಇಲ್ಲ. ಅವಳು ಕಿರುಚಿದಳು, ಪರಚಿದಳು, ನನ್ನ ಮುಂಗೈ ಕಚ್ಚಿದಳು. ಭಾವನ ತಲೆ ಸ್ವಲ್ಪ ಹೊತ್ತು ನಮ್ಮ ಕಡೆಗೇ ಇತ್ತು. ಆಮೇಲೆ ಒಂದು ಪಕ್ಕಕ್ಕೆ ವಾಲಿತು. ಮೀನುಗಾರ ಬಂದು ಎತ್ತಿಕೊಂಡಾಗ ಉಸಿರಿತ್ತು. ಸಂಜೆಯೊಳಗೆ ಆಸ್ಪತ್ರೆಯಲ್ಲಿ ಅದೂ ನಿಂತಿತು.

ದೋಣಿಯನ್ನು ಬಡಗಿ ತರಿಸಿಕೊಂಡು ನೋಡಿದರು. ನನ್ನನ್ನು ಕರೆದು ತೋರಿಸಿದರು. ಹೊರಗಿನ ಚಳಿಯಲ್ಲಿಟ್ಟ ದೋಣಿಯ ಹೊಲಿಗೆಗೆ ಉಗುರು ತಾಗಿಸಿದರೆ ಅಂಟು ಹಕ್ಕಳೆಯಂತೆ ಎದ್ದು ಬರುತ್ತಿತ್ತು. ಒಂದು ಚೂರನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಸ್ವಲ್ಪ ಹೊತ್ತಿನ ಮೇಲೆ ಬಿಚ್ಚಿದರು. ಅದು ಮೆತ್ತಗಾಗಿತ್ತು. ಹೊಲಿಗೆ ಚೆನ್ನಾಗಿದೆ, ಅಷ್ಟು ಒಳ್ಳೆಯ ಹೊಲಿಗೆ ತನ್ನದೂ ಅಲ್ಲ ಎಂದರು.

ಅಕ್ಕ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅದು ದುಃಖವೆಂದುಕೊಂಡಿದ್ದೆ. ಮಳೆಗಾಲ ಮತ್ತೆ ಹಿಡಿದ ಮೇಲೆ ಒಂದು ದಿನ, ಹುರುಳಿಕಾಯಿ ಹೆಚ್ಚುತ್ತಾ, ತಲೆಯೆತ್ತದೆ ಕೇಳಿದಳು.

"ಅವತ್ತು ಬಿಡು ಬಿಡು ಅಂತ ಅಷ್ಟು ಬೇಡ್ಕೊಂಡೆ. ಯಾಕೆ ಬಿಡ್ಲಿಲ್ಲ ನೀನು?"

"ಭಾವ ಹೇಳಿದ್ರಲ್ಲ ಅಕ್ಕ."

ಚಾಕು ನಿಂತಿತು. "ಏನ್ ಹೇಳಿದ್ರು?"

ಅವಳು ಕೇಳಿಸಿಕೊಂಡಿರಲೇ ಇಲ್ಲ. ತನ್ನದೇ ಕೂಗಿನಲ್ಲಿ ಅವಳಿಗೆ ಅದು ಮುಟ್ಟಿರಲಿಲ್ಲ. ಇಷ್ಟು ತಿಂಗಳು ನಾನು, ಅವಳಿಗೂ ಗೊತ್ತು ಎಂದುಕೊಂಡೇ ಇದ್ದೆ. ಹೇಳಿದೆ.

"ಹೆದರಿ ಅಂದ್ರಾ?"

"ಇಲ್ಲ. ದೂರ ಅಂತ ಜೋರಾಗಿ ಅಂದ್ರು, ಅಷ್ಟೇ. ಹೆದರಿ ಅಲ್ಲ."

"ಇನ್ನೊಂದ್ಸಲ ಹೇಳು. ಅವರು ಹೇಗಂದ್ರೋ ಹಾಗೇ."

ಹೇಳಿದೆ. ಈಗಲೂ ಕೆಲವು ಸಲ ಕೇಳುತ್ತಾಳೆ, ಎದುರು ಕೂತು, ಕೈಕೆಲಸ ನಿಲ್ಲಿಸಿ. ಒಂದು ಅಕ್ಷರವೂ ಹೆಚ್ಚು ಕಡಿಮೆಯಾಗದಂತೆ ಹೇಳುತ್ತೇನೆ.