ಕರಿಯದಕ್ಕೆ ಮಾತ್ರ ನಿಯತ್ತು

ಮೊನ್ನೆ ಉರ್ವ ಮಾರ್ಕೆಟಿನ ಅಂಗಡಿಯೊಂದರಲ್ಲಿ ಕಾರ್ಬಾಲಿಕ್ ಸಾಬೂನಿನ ವಾಸನೆ ಮೂಗಿಗೆ ಬಡಿಯಿತು. ತಕ್ಷಣ ನೆನಪಾದದ್ದು ಚಿಕ್ಕಂದಿನ ನೆರೆಮನೆಯ ರೈಟರ್ ಮಾಮ... ಕಾಫಿ ಕಾರ್ಖಾನೆಯಲ್ಲಿ ಇಂಗ್ಲಿಷ್ ದೊರೆಯ ಗುಮಾಸ್ತರು. ದೊರೆ ಕೊಟ್ಟ ಕರಿ ಲ್ಯಾಬ್ರಡಾರ್ ಹೆಣ್ಣುನಾಯಿಗೆ ಬಾವಿಕಟ್ಟೆಯಲ್ಲಿ ಆ ಸಾಬೂನು ಹಚ್ಚಿ ಮೀಯಿಸುತ್ತಿದ್ದರು. ಹೆಂಡತಿ ಮಕ್ಕಳಿಗೆ ಕಡಲೆಹಿಟ್ಟು ಸಾಕಿತ್ತು.

ದೊರೆ ಸೀನಿದರೂ ಅದರಲ್ಲೊಂದು ಶಾಸ್ತ್ರ ಕಾಣುವ ಮನುಷ್ಯ. "ಕರಿಯದಕ್ಕೆ ನಿಯತ್ತು, ಕಂದು ಬಣ್ಣದ್ದಕ್ಕೆ ಹಠ, ಹಳದಿಯದ್ದು ಚಂಚಲ ಬುದ್ಧಿ. ದೊರೆಗಳೇ ಹೇಳಿದ್ದು" ಎಂದು ಜಗಲಿಯಲ್ಲಿ ಕೂತು ಬೀದಿಗೆಲ್ಲ ಪಾಠ. ಆ ನಿಯತ್ತಿನ ಕರಿನಾಯಿ ದಿನಾ ಬೆಳಿಗ್ಗೆ ಮೀನಿನವಳ ಬುಟ್ಟಿಯ ಹಿಂದೆ ಬಾಲ ಅಲ್ಲಾಡಿಸುತ್ತ ಕುದ್ರೋಳಿಯವರೆಗೂ ಹೋಗುತ್ತಿತ್ತು. ಅದು ಮಾತ್ರ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಅದು ಮರಿ ಹಾಕಿದಾಗ ಕರಿಯವುಗಳ ನಡುವೆ ಒಂದು ಹಳದಿ ಹುಟ್ಟಿತು. ರೈಟರ್ ಮಾಮ ಅದನ್ನು ಗೋಣಿಯಲ್ಲಿ ಕಟ್ಟಿ ಹೊಳೆಗೆ ಎಸೆಯಲು ಹೊರಟರು. ಪಾಗಾರದ ಗೋಡೆಯ ಈಚೆಯಿಂದ ಅಮ್ಮ ತಡೆದಳು.

"ಎಂತ ರೈಟರಣ್ಣ, ನಿಮಗೆ ಸೊಸೆ ಬಿಳಿ ಬೇಕು, ನಾಯಿ ಕಪ್ಪು ಬೇಕು. ಹಳದಿ ಎಂತ ಪಾಪ ಮಾಡಿತು ಮಾರಾಯ್ರೇ? ಇಲ್ಲಿ ಕೊಡಿ, ನಮ್ಮಲ್ಲಿ ಗಂಜಿ ಉಂಟು."

"ತಕ್ಕೊಳ್ಳಿ ಅಕ್ಕ. ನಾಳೆ ಯಾರ ಹಿಂದೆಯಾದರೂ ಓಡಿದರೆ ನನ್ನ ಹತ್ತಿರ ಹೇಳ್ಬೇಡಿ."

ಮಂಜ ಎಂದು ಹೆಸರಿಟ್ಟೆವು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅಂಗಳಕ್ಕೆ ಬರುವ ತಡಮೆಯ ಬಳಿ ಕಾಯುತ್ತಿದ್ದ. ನನ್ನ ಚಾಪೆಯ ಅಂಚಿನಲ್ಲೇ ಅವನ ನಿದ್ದೆ...

ಒಂದೆರಡು ಮಳೆಗಾಲ ಕಳೆದು ಕಾರ್ಖಾನೆಗೆ ಹೊಸ ದೊರೆ ಬಂದ. ರೈಟರ್ ಮಾಮನ ಮನೆಗೆ ಬಂದವನು ಮಂಜನನ್ನು ಕಂಡು, ತನಗೆ ಈ ಬಣ್ಣವೇ ಇಷ್ಟ ಎಂದನಂತೆ. ಅಷ್ಟಕ್ಕೇ ಇವರ ಶಾಸ್ತ್ರ ಅಂಗಾತ ಬಿತ್ತು. ಮರುದಿನ ನಾನು ಶಾಲೆಯಿಂದ ಬರುವಾಗ ದೊರೆಯ ಕಾರು ರಸ್ತೆಯಲ್ಲಿತ್ತು. ನಾಯಿ ತಮ್ಮ ಮನೆಯದೇ ಎಂದು ಹಲ್ಲುಗಿಂಜುತ್ತ ರೈಟರ್ ಮಾಮ ಕಾರಿನ ಬಾಗಿಲು ಹಿಡಿದು ನಿಂತಿದ್ದರು. ದೊರೆಯ ಕೈಯಲ್ಲಿ ಬಿಸ್ಕತ್ತು. ಮಂಜ ಬಾಲ ಅಲ್ಲಾಡಿಸುತ್ತ ಹತ್ತಿಯೇಬಿಟ್ಟ. ನಾನು ಕೂಗಿದೆ. ಅಮ್ಮ ಒಳಗಿನಿಂದ ಓಡಿ ಬರುವಷ್ಟರಲ್ಲಿ ಕಾರು ಹೊರಟಿತ್ತು.

"ನೋಡಿದೆಯಾ ಮಗಾ?" ಎಂದರು ಆ ಮಹಾನುಭಾವರು. "ಹಳದಿಗೆ ನಿಯತ್ತಿಲ್ಲ ಅಂತ ನಾನು ಆಗಲೇ ಹೇಳಿದ್ದೆ."

ಅವರು ತೀರಿಕೊಂಡಾಗ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಹೋಗಿ, ಪಾಯಸ ಎರಡನೇ ಸಲವೂ ಹಾಕಿಸಿಕೊಂಡು ಬಂದೆ. ಮನಸ್ಸಿಗೆ ಏನೂ ಆಗಲಿಲ್ಲ.

ಮೊನ್ನೆ ಅಂಗಡಿಯಲ್ಲಿ ಮಾತ್ರ ಕಾಲು ಕೀಳಲಾಗಲಿಲ್ಲ. ಮಂಜನಿಗೆ ನಾವು ಸಾಬೂನು ಹಚ್ಚಿದವರೇ ಅಲ್ಲ. ಅವನ ಮೈಗೆ ಗಂಜಿಯ, ಒದ್ದೆ ಮಣ್ಣಿನ ವಾಸನೆಯಿತ್ತು... ಅದು ಎಷ್ಟು ಯೋಚಿಸಿದರೂ ಮೂಗಿಗೆ ಬರಲಿಲ್ಲ. ಬಂದದ್ದು ರೈಟರ್ ಮಾಮನ ಸಾಬೂನೇ.