ದಾದಿ ವರ್ಗದ ಹನ್ನೆರಡು ಕೊಳವೆಗಳು

ನಮ್ಮ ಭಾವನನ್ನು ನಾನಿದ್ದ ಪ್ರಕಾಶನದ ಕಚೇರಿಯವರೆಲ್ಲ ‘ಕಕ್ಕಸು ಇಂಜಿನಿಯರು’ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ನಾನೂ ಅವರ ಜೊತೆ ಸೇರಿ ನಗುತ್ತಿದ್ದೆ. ಅದು ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಭಾವ ಇಂಜಿನಿಯರೇನಲ್ಲ. ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ನಕ್ಷೆ ಬರೆಯುವ ಕೆಲಸ. ಎರಡು ಸೀಟಿನ ನಡುವೆ ಮೊಣಕಾಲಿಗೆ ಎಷ್ಟು ಜಾಗ ಬಿಡಬೇಕು, ಕಿಟಕಿ ಎಷ್ಟು ಎತ್ತರದಲ್ಲಿದ್ದರೆ ಕೂತವರಿಗೆ ಗಾಳಿ ತಾಗುತ್ತದೆ, ಇಂಥ ಲೆಕ್ಕದಲ್ಲೇ ಅವರ ತಲೆ ನರೆತದ್ದು. ನಾನು ಕರಡು ತಿದ್ದುತ್ತಿದ್ದ ಪ್ರಕಾಶನ ‘ಏಳು ಸೂರ್ಯರ ಸರಣಿ’ ಎಂಬ ಅಂತರಿಕ್ಷ ಕಾದಂಬರಿಗಳನ್ನು ತಿಂಗಳಿಗೊಂದರಂತೆ ತರುತ್ತಿತ್ತು. ಲೋಕ ಒಂದೇ, ಬರೆಯುವವರು ಆರು ಜನ, ಆರು ಜನಕ್ಕೂ ಆರು ದಿಕ್ಕು. ಒಬ್ಬರ ಪುಸ್ತಕದಲ್ಲಿ ನಾಲ್ಕು ಜನರನ್ನು ಹೊತ್ತು ಹೊರಟ ನೌಕೆ ಇನ್ನೊಬ್ಬರ ಪುಸ್ತಕದಲ್ಲಿ ನಾನೂರು ಜನರನ್ನು ಇಳಿಸುತ್ತಿತ್ತು. ಓದುಗರು ಕಾಗದ ಬರೆದು ಉಗಿದರು. ಕೂಡಿಸಿ ಕಳೆಯಲು ಬರುವ ಒಬ್ಬ ಮನುಷ್ಯ ಬೇಕೆಂದು ದೊಡ್ಡ ಮಾಲೀಕರು ಗೋಳಾಡಿದಾಗ ನಾನೇ ಭಾವನನ್ನು ಕರೆತಂದೆ.

ಶೆಡ್ಡಿನ ಕೆಲಸ ಮುಗಿಸಿ, ಗ್ರೀಸಿನ ವಾಸನೆಯ ಅಂಗಿಯಲ್ಲೇ ಬಂದು ಕೂತ ಭಾವ ಆರು ಲೇಖಕರಿಗೂ ಮೊದಲ ದಿನವೇ ಹೇಳಿದರು: “ನಿಮ್ಮ ನೌಕೆ ಎಷ್ಟು ಸ್ಪೀಡಾಗಿ ಹೋಗುತ್ತೆ ಅನ್ನೋದು ನನಗೆ ಬೇಡ. ಒಳಗೆ ಎಷ್ಟು ಜನ, ಎಷ್ಟು ದಿನ, ಕಕ್ಕಸು ಎಷ್ಟು, ಅದನ್ನ ಹೇಳಿ.”

ಅಷ್ಟು ವರ್ಷ ಆಕಾಶದಲ್ಲಿ ಹಾರಾಡಿದ ಆ ಆರು ಜನರ ನಾಯಕರಲ್ಲಿ ಒಬ್ಬನೂ ಒಂದು ಸಲವೂ ಕಕ್ಕಸಿಗೆ ಹೋಗಿರಲಿಲ್ಲ.

ಹಾಗೆ ನೌಕೆಗಳ ವರ್ಗಗಳು ಹುಟ್ಟಿದವು, ವರ್ಗಕ್ಕೊಂದು ಕಾರ್ಡು. ಮಿಡತೆ ವರ್ಗದಲ್ಲಿ ಇಬ್ಬರು, ಮೂರು ದಿನ, ಸೀಟಿನಡಿಯಲ್ಲೊಂದು ಚೀಲ. ಹದ್ದು ವರ್ಗ ಯುದ್ಧಕ್ಕೆ. ಅರವತ್ತು ಸೈನಿಕರಿಗೆ ನಾಲ್ಕು ಕಕ್ಕಸು. ಕತ್ತೆ ವರ್ಗ ಸರಕು ಹೊರಲು. ಹನ್ನೊಂದು ಜನ, ಎಂಟು ತಿಂಗಳು, ಕಕ್ಕಸು ಎರಡು. ‘ಅದರಲ್ಲೊಂದು ಸದಾ ಕೆಟ್ಟಿರುತ್ತದೆ’ ಎಂದು ಭಾವ ಕಾರ್ಡಿನಲ್ಲಿ ಬರೆದಿಟ್ಟರು. ಒಬ್ಬ ಲೇಖಕ ಅದನ್ನೇ ಹಿಡಿದು, ಉಳಿದೊಂದು ಕಕ್ಕಸಿಗಾಗಿ ಹನ್ನೊಂದು ಜನ ಹೊಡೆದಾಡುವ ಕತೆ ಬರೆದ. ಆ ವರ್ಷ ಜನ ಮುಗಿಬಿದ್ದು ಓದಿದ್ದು ಅದನ್ನೇ. ಅಂದಿನಿಂದ ಕಾರ್ಡಿಲ್ಲದ ನೌಕೆಯನ್ನು ಹಾರಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಆಮೇಲೆ ನಮ್ಮಕ್ಕ ಆಸ್ಪತ್ರೆ ಸೇರಿದಳು.

ಮೂರನೇ ಮಹಡಿಯ ವಾರ್ಡು. ನಲವತ್ತೆರಡು ಹಾಸಿಗೆಗೆ ಮೂಲೆಯಲ್ಲಿ ಒಂದೇ ಒಂದು ಕಕ್ಕಸು. ಚಿಲಕ ಮುರಿದಿತ್ತು. ನೆಲದ ಮೇಲೆ ಸದಾ ಪಾದ ಮುಳುಗುವಷ್ಟು ನೀರು, ಅದರಲ್ಲಿ ಏನೇನು ತೇಲುತ್ತಿತ್ತೋ ಬರೆಯಲು ಕೈ ಬರುವುದಿಲ್ಲ. ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದುಕೊಂಡ ಹೆಂಗಸರು ಗೋಡೆಗೊರಗಿ ಸಾಲು ನಿಂತಿರುತ್ತಿದ್ದರು. ಭಾವ ದಿನಾ ಬೆಳಿಗ್ಗೆ ಫಿನಾಯಿಲ್ ಹಿಡಿದು ಹೋಗಿ ತಾವೇ ತಿಕ್ಕಿ ತೊಳೆದು ಅಕ್ಕನನ್ನು ಕರೆದೊಯ್ಯುತ್ತಿದ್ದರು. ಐದನೇ ವಾರ ಒಂದು ಸಂಜೆ, ಆಯಾ ಇಲ್ಲದ ಹೊತ್ತಿನಲ್ಲಿ ಅಕ್ಕ ಒಬ್ಬಳೇ ಎದ್ದುಹೋಗಿ ಅಲ್ಲಿ ಜಾರಿ ಬಿದ್ದಳು. ಸೊಂಟ ಮುರಿಯಿತು. ಒಂಬತ್ತನೇ ದಿನ ಹೋಗಿಬಿಟ್ಟಳು. ಡಾಕ್ಟರು ಕಾಗದದಲ್ಲಿ ಯಾವುದೋ ಕಾಯಿಲೆಯ ಹೆಸರು ಬರೆದುಕೊಟ್ಟರು.

ತಿಂಗಳೊಳಗೆ ಭಾವ ದಾದಿ ವರ್ಗದ ನಕ್ಷೆ ಬರೆದರು. ಅದು ಆಸ್ಪತ್ರೆಯ ನೌಕೆ. ಇನ್ನೂರ ನಲವತ್ತು ಹಾಸಿಗೆ, ನಾಲ್ಕು ಹಾಸಿಗೆಗೊಂದು ಕಕ್ಕಸು, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ನೀರು ನಿಲ್ಲದ ನೆಲ. ಅರವತ್ತು ಕಕ್ಕಸುಗಳ ಹೊಲಸೆಲ್ಲ ಹಿಂಬದಿಯ ಹನ್ನೆರಡು ದೊಡ್ಡ ಕೊಳವೆಗಳಿಂದ ಆಚೆ ಹೋಗುತ್ತಿತ್ತು. ಕಾರ್ಡಿನ ಕೊನೆಗೆ ಕೆಂಪು ಶಾಯಿಯಲ್ಲಿ ‘ಈ ವರ್ಗಕ್ಕೆ ಆಯುಧ ಕೂಡದು’ ಎಂದಿತ್ತು. ಹದಿನೆಂಟು ವರ್ಷ ಆ ಮಾತನ್ನು ಯಾವ ಲೇಖಕನೂ ಮೀರಲಿಲ್ಲ. ಎಲ್ಲಿ ಗಾಯಗೊಂಡವರಿದ್ದರೂ ಅಲ್ಲಿಗೊಂದು ದಾದಿ ಬಂದು ಇಳಿಯುತ್ತಿತ್ತು. ಅಕ್ಕನಿಗೆಂದು ಭಾವ ಕಟ್ಟಿದ್ದು ಅದೊಂದೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ದೊಡ್ಡ ಮಾಲೀಕರು ತೀರಿಕೊಂಡು ಮಗ ಬಂದ. ಎಲ್ಲ ವರ್ಗಗಳ ನಕ್ಷೆಗಳನ್ನೂ ಸೇರಿಸಿ ಒಂದು ಬಣ್ಣದ ಪುಸ್ತಕ, ಜೊತೆಗೆ ಆಟಿಕೆ ಎಂದು ಕುಣಿದ. ಆಟಿಕೆ ಕಂಪನಿಯ ಮೂವರು ಬಂದು ಕೂತರು. ಮೇಜಿನ ತುಂಬ ತಿಂಡಿ. ಭಾವ ಶೆಡ್ಡಿನಲ್ಲಿದ್ದರು. ಬಾಯಿ ತೆರೆದುಕೊಂಡೇ ಅಗಿಯುತ್ತಿದ್ದ ಒಬ್ಬ, ಎಣ್ಣೆ ಬೆರಳನ್ನು ದಾದಿ ವರ್ಗದ ನಕ್ಷೆಯ ಮೇಲೇ ಊರಿ, “ಇವು ಹನ್ನೆರಡೂ ಫಿರಂಗಿನಾ? ಸೂಪರ್!” ಎಂದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಚಿಕ್ಕ ಮಾಲೀಕ ನನ್ನ ಮುಖ ನೋಡಿದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಎಲ್ಲರ ಬಾಯಲ್ಲೂ ತಿಂಡಿ, ‘ಕಕ್ಕಸಿನ ಕೊಳವೆ’ ಎನ್ನುವ ಮಾತನ್ನು ನುಂಗಿಕೊಂಡೆ. ನಗುತ್ತಾರೆ ಎನಿಸಿತು.

“ಹೌದು, ಫಿರಂಗಿ” ಎಂದೆ.

ದಾದಿಯ ಮಾದರಿ ಆಟಿಕೆ ಬಂತು. ಕಪ್ಪು ಮೈ, ಹಲ್ಲು ಕಿರಿದ ಮೂತಿ, ಹೆಸರು ಸಿಡಿಲು ವರ್ಗ. ಗುಂಡಿ ಒತ್ತಿದರೆ ಹನ್ನೆರಡು ಕೊಳವೆಗಳಲ್ಲೂ ಕಿಡಿ. ಚಿಕ್ಕ ಮಾಲೀಕ ಮೇಜಿನ ಮೇಲಿಟ್ಟು ಢಂ ಢಂ ಎಂದು ಬಾಯಲ್ಲೇ ಸದ್ದು ಮಾಡಿದ, ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಕಕ್ಕಸಿನ ಕೊಳವೆಯಿಂದ ಯುದ್ಧ! ಬೇರೆ ಯಾರ ನೌಕೆಯಾಗಿದ್ದರೂ ಹೊಟ್ಟೆ ಹುಣ್ಣಾಗುವಂತೆ ನಗಬಹುದಿತ್ತು. ಇದು ಅಕ್ಕನ ನೌಕೆ.

ಆದರೂ ಭಾವನಿಗೆ ಹೇಳಲಿಲ್ಲ. ಪುಸ್ತಕದ ಕರಡು ನನ್ನ ಮೇಜಿಗೇ ಬಂತು. ‘ಸಿಡಿಲು ವರ್ಗ: ಹನ್ನೆರಡು ಫಿರಂಗಿ. ಒಂದೇ ಏಟಿಗೆ ಒಂದು ನಗರ ಬೂದಿ.’ ನಾನು ಒಂದು ಕಾಗುಣಿತ ತಿದ್ದಿ ಮುಂದಕ್ಕೆ ಕಳಿಸಿದೆ. ಇಂಥ ಕೈಗೆ ಕೆಂಪು ಪೆನ್ನು ಕೊಟ್ಟವರನ್ನು ಅನ್ನಬೇಕು.

ವರ್ಗಗಳ ಹಾಳೆ ಅಚ್ಚಿಗೆ ಹೋಗುವ ಮೊದಲು ಭಾವನ ಕಣ್ಣಿಗೆ ಬೀಳಲೇಬೇಕಿತ್ತು, ಬಿತ್ತು. ಹಾಳೆ ಹಿಡಿದುಕೊಂಡು ನೇರ ಚಿಕ್ಕ ಮಾಲೀಕನ ಕೋಣೆಗೆ ಹೋದರು. ಹಲಗೆಯ ಗೋಡೆಯ ಈಚೆ ನಾನು ಕೂತಿದ್ದೆ. ಎಲ್ಲ ಕೇಳಿಸುತ್ತಿತ್ತು.

“ಇದು ಆಸ್ಪತ್ರೆ.”

“ಇರಬಹುದು ಸಾರ್. ಆದ್ರೆ ಆಸ್ಪತ್ರೆ ಜೊತೆ ಯಾವ ಮಗು ಆಟ ಆಡುತ್ತೆ, ನೀವೇ ಹೇಳಿ?”

“ಹದ್ದು ಇದೆಯಲ್ಲ, ಅದಕ್ಕೆ ಎಷ್ಟು ಫಿರಂಗಿ ಬೇಕಾದ್ರೂ ಹಾಕ್ಕೊಳ್ಳಿ. ಹತ್ತು ಹೊಸ ಯುದ್ಧನೌಕೆ ಬರೆದುಕೊಡ್ತೀನಿ. ಇದೊಂದನ್ನ ಬಿಟ್ಟುಬಿಡಿ. ಕೈ ಮುಗೀತೀನಿ.”

ಭಾವ ಯಾರಿಗೂ ಹಾಗೆ ಅಂಗಲಾಚಿದ್ದನ್ನು ನಾನು ಕೇಳಿರಲಿಲ್ಲ.

“ಆಟಿಕೆಗೆ ಅಚ್ಚು ಮಾಡಿಸಿ ಆಯ್ತು, ಇನ್ನಾಗಲ್ಲ. ನಾವೇನು ಕದ್ದುಮುಚ್ಚಿ ಮಾಡಿಲ್ಲ. ನಿಮ್ಮ ಬಾಮೈದನ್ನೇ ಕೇಳಿದ್ವಿ. ಫಿರಂಗಿ ಅಂದಿದ್ದು ಅವರೇ.”

ಆಮೇಲೆ ಕುರ್ಚಿ ಸರಿದ ಸದ್ದು. ಭಾವ ನನ್ನ ಮೇಜಿನ ಪಕ್ಕದಿಂದಲೇ ದಾಟಿಹೋದರು, ತಿರುಗಿ ನೋಡಲಿಲ್ಲ.

ಅಕ್ಕ ಹೋದ ಮೇಲೂ ನಾನು ಅವರ ಮನೆಯಲ್ಲೇ ಇದ್ದೆ. ಸಂಜೆ ಹೋದಾಗ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ.

“ಭಾವ, ತಪ್ಪಾಯ್ತು. ಎಲ್ಲರೂ ತಿಂತಾ ಇದ್ರು. ಆ ಮಾತು ಹೇಳೋಕೆ ನಾಚಿಕೆ ಆಯ್ತು.”

ಉಗಿಯಲಿ, ಮನೆಯಿಂದ ಆಚೆ ತಳ್ಳಲಿ ಎಂದು ಕಾದೆ. ಅವರು ನನ್ನನ್ನೇ ನೋಡಿ ಕೇಳಿದರು:

“ಆ ಸಂಜೆ ಅವಳು ಒಬ್ಬಳೇ ಯಾಕೆ ಎದ್ದುಹೋದಳು ಗೊತ್ತಾ?”

“ಆಯಾ ಇರಲಿಲ್ಲ ಅಂದಿದ್ರಲ್ಲ.”

“ಇದ್ದಳು. ಬೆಡ್‌ಪ್ಯಾನ್ ಬೇಕಾ ಅಂತ ಎರಡು ಸಲ ಬಂದು ಕೇಳಿದ್ದಳು. ನೀನು ನಾಲ್ಕು ಗಂಟೆಯಿಂದ ಮಂಚದ ಪಕ್ಕ ಕೂತು ಕಿತ್ತಳೆ ಸುಲೀತಾ ಇದ್ದೆ. ತಮ್ಮನೆದುರು ಪ್ಯಾನ್ ಕೇಳೋಕೆ ಅವಳಿಗೆ ನಾಚಿಕೆ. ಬೇಡ ಬೇಡ ಅಂತ ಎರಡು ಗಂಟೆ ತಡ್ಕೊಂಡಳು. ನೀನು ಎದ್ದು ಹೊರಟೆ ನೋಡು, ಇನ್ನು ತಡೆಯೋಕಾಗದೆ ಒಬ್ಬಳೇ ಓಡಿದಳು.” ಭಾವ ಮುಂದುವರಿಸಿದರು: “ನಿನಗೆ ಹೇಳಬೇಡಿ ಅಂದಿದ್ದಳು. ಹುಡುಗ ನೊಂದ್ಕೋತಾನೆ ಅಂತ.”

ಹದಿನೆಂಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಮನುಷ್ಯ ನನ್ನ ಜೊತೆ ಒಂದೇ ಸೂರಿನಡಿ ಬದುಕಿದ್ದ.

ಭಾವ ಎದ್ದು, ಕೈ ತೊಳೆದುಕೊಂಡು, ಊಟಕ್ಕೆ ಬಡಿಸಲೇ ಎಂದು ಕೇಳಿದರು.